ಒಂದೇ ಸರ್ವರ್, ಇಬ್ಬರ ಜಗಳ: ಡಿಬಿಎ ಮತ್ತು ಬಿಐ ತರಬೇತಿಯಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ?

ತಿಂಗಳ ಮೊದಲ ದಿನ, ಬೆಳಿಗ್ಗೆ ಹತ್ತೂವರೆ. ಮೂರನೇ ಮಹಡಿಯಲ್ಲಿ ನಮ್ಮ ಬಿಐ ಸಹೋದ್ಯೋಗಿ ಹಿಂದಿನ ತಿಂಗಳ ಮಾರಾಟದ ರಿಪೋರ್ಟ್ ಓಡಿಸುತ್ತಾರೆ. ಅವರದ್ದೇನೂ ತಪ್ಪಿಲ್ಲ. ಹನ್ನೊಂದಕ್ಕೆ ಮೀಟಿಂಗ್ ಇದೆ, ಅಷ್ಟರಲ್ಲಿ ಅಂಕಿ ಬೇಕು. ಅದೇ ಹೊತ್ತಿಗೆ ಬಿಲ್ಲಿಂಗ್ ಕೌಂಟರ್‌ಗಳ ಸ್ಕ್ರೀನ್ ಮೇಲೆ ಚಕ್ರ ಸುತ್ತಲು ಶುರುವಾಗುತ್ತದೆ. ಬಾರ್‌ಕೋಡ್ ಬೀಪ್ ಅನ್ನುತ್ತದೆ, ಬಿಲ್ ಮಾತ್ರ ಬರುವುದಿಲ್ಲ. ಕ್ಯೂ ಬೆಳೆಯುತ್ತದೆ. ಡಿಬಿಎಗೆ ಮೂರು ಕಡೆಯಿಂದ ಫೋನ್. ಅವನು ಒಳಗೆ ಹೋಗಿ ನೋಡಿದರೆ ಒಂದು ದೊಡ್ಡ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ, ಎಲ್ಲರ ದಾರಿಗೆ ಅಡ್ಡ ಕೂತಿದೆ. ಕಿಲ್ ಮಾಡುತ್ತಾನೆ. ಕೌಂಟರ್ ಓಡುತ್ತದೆ, ರಿಪೋರ್ಟ್ ಸಾಯುತ್ತದೆ. ಐದು ನಿಮಿಷ ಬಿಟ್ಟು ಮೂರನೇ ಮಹಡಿಯಿಂದ ಅದೇ ರಿಪೋರ್ಟ್ ಮತ್ತೆ ಓಡುತ್ತದೆ.

ಆ ಡಿಬಿಎ ನಾನೇ. ಈ ಆಟ ನಾವಿಬ್ಬರೂ ಸುಮಾರು ಎರಡು ವರ್ಷ ಆಡಿದೆವು. ಆಮೇಲೆ ಯಾರಿಗೋ ಬುದ್ಧಿ ಬಂದು ನಮ್ಮಿಬ್ಬರನ್ನೂ ಒಂದು ಶನಿವಾರ ಒಂದೇ ತರಬೇತಿಗೆ ಕಳಿಸಿದರು. ಅಕ್ಕಪಕ್ಕ ಕೂರಿಸಿದರು. ಆ ದಿನ ಕಲಿತದ್ದರ ಜೊತೆಗೆ, ಆಮೇಲೆ ನಾನೇ ನಾಲ್ಕು ಕಡೆ ಪಾಠ ಮಾಡುವಾಗ ಗೊತ್ತಾದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ. ಇಂಥ ತರಬೇತಿಗೆ ಹೋಗಬೇಕಾ, ಹೋದರೆ ಅಲ್ಲಿ ಏನು ಸಿಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಸಿಲೆಬಸ್ ನೋಡಿದರೆ ಏನೂ ಅರ್ಥವಾಗುವುದಿಲ್ಲ, ಅಲ್ವಾ?

ಗೊತ್ತಿಲ್ಲದವರಿಗೆ ಎರಡು ಮಾತು. ಡಿಬಿಎ ಅಂದರೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್. ಡೇಟಾ ಕಳೆದುಹೋಗಬಾರದು, ನಿಧಾನ ಆಗಬಾರದು, ಬೇಡದವರ ಕೈಗೆ ಸಿಗಬಾರದು, ಇಷ್ಟು ಅವನ ಕೆಲಸ. ಬಿಐ ಅಂದರೆ ಬಿಸಿನೆಸ್ ಇಂಟೆಲಿಜೆನ್ಸ್. ಅದೇ ಡೇಟಾದಿಂದ ಯಾವ ಊರಲ್ಲಿ ಏನು ಜಾಸ್ತಿ ಮಾರಾಟವಾಯಿತು, ಯಾಕೆ ಕಮ್ಮಿಯಾಯಿತು ಅಂತ ರಿಪೋರ್ಟ್, ಡ್ಯಾಶ್‌ಬೋರ್ಡ್ ಮಾಡುವವರು. ಒಬ್ಬರಿಗೆ ಸರ್ವರ್ ಮೇಲೆ ಭಾರ ಬೀಳಬಾರದು, ಇನ್ನೊಬ್ಬರಿಗೆ ಎಲ್ಲಾ ಡೇಟಾನೂ ಬೇಕು. ಜಗಳ ಆಗದೆ ಇನ್ನೇನಾಗುತ್ತದೆ?

ಎಂಟು ಕೆಬಿಯ ಪುಟ

ಅವತ್ತು ಪಾಠ ಮಾಡಿದವರು ಮೊದಲ ಒಂದು ಗಂಟೆ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಬೋರ್ಡ್ ಮೇಲೆ ಒಂದು ಚೌಕ ಎಳೆದು ಒಳಗೆ "8 ಕೆಬಿ" ಅಂತ ಬರೆದರು. ನಾವು ಬಳಸುವ ಡೇಟಾಬೇಸ್, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್, ತನ್ನ ಡೇಟಾವನ್ನೆಲ್ಲ ಇದೇ ಅಳತೆಯ ಪುಟಗಳಲ್ಲಿ ಇಡುತ್ತದೆ, ಪುಟಗಟ್ಟಲೆಯೇ ಓದುತ್ತದೆ. ನಿಮಗೆ ಒಂದೇ ಒಂದು ಹೆಸರು ಬೇಕಿದ್ದರೂ ಪೂರ್ತಿ ಪುಟ ಮೆಮೊರಿಗೆ ಬರಲೇಬೇಕು. ಬೇರೆ ಡೇಟಾಬೇಸ್‌ಗಳಲ್ಲಿ ಪೋಸ್ಟ್‌ಗ್ರೆಸ್‌ನಲ್ಲೂ ಮಾಮೂಲಿಯಾಗಿ 8 ಕೆಬಿಯೇ, ಮೈಎಸ್‌ಕ್ಯೂಎಲ್‌ನ ಇನೋಡಿಬಿಯಲ್ಲಿ 16.

ಈಗ ಲೆಕ್ಕ ಹಾಕಿ ಅಂದರು. ಬಿಲ್ಲಿನ ಟೇಬಲ್‌ನಲ್ಲಿ 1 ಕೋಟಿ ಸಾಲುಗಳಿವೆ. ಒಂದು ಸಾಲು 400 ಬೈಟ್. ಒಂದು ಪುಟಕ್ಕೆ 20 ಸಾಲು ಹಿಡಿಯುತ್ತದೆ. ಹಾಗಾದರೆ ಒಟ್ಟು 5 ಲಕ್ಷ ಪುಟ, ಸುಮಾರು 4 ಜಿಬಿ.

ಕೌಂಟರ್‌ನಲ್ಲಿ ಕೂತವರು ಕೇಳುವ ಪ್ರಶ್ನೆ: ಈ ನಂಬರಿನ ಬಿಲ್ ಕೊಡು. ಬಿಲ್ ನಂಬರಿನ ಮೇಲೆ ಇಂಡೆಕ್ಸ್ ಇದ್ದರೆ ಅದೊಂದು ತಲೆಕೆಳಗಾದ ಮರ ಇದ್ದ ಹಾಗೆ. ಬುಡದಲ್ಲಿ ಒಂದು ಪುಟ, ಅದು ಕೆಳಗಿನ ಪುಟ ತೋರಿಸುತ್ತದೆ, ಆ ಪುಟದಲ್ಲಿ ಆರುನೂರು ಚಿಲ್ಲರೆ ದಾರಿಗಳು, ಹೀಗೆ ಇಳಿದರೆ 5 ಲಕ್ಷ ಪುಟದ ಟೇಬಲ್‌ನಲ್ಲೂ 4 ಪುಟ ಓದುವಷ್ಟರಲ್ಲಿ ನಿಮ್ಮ ಬಿಲ್ ಸಿಗುತ್ತದೆ. ನಾಲ್ಕೇ ನಾಲ್ಕು.

ಮೂರನೇ ಮಹಡಿಯ ಪ್ರಶ್ನೆ: ಕಳೆದ ವರ್ಷ ತಿಂಗಳುವಾರು ಒಟ್ಟು ಮಾರಾಟ ಎಷ್ಟು? ಅದಕ್ಕೆ ಬೇಕಾದದ್ದು ತಾರೀಖು ಮತ್ತು ಮೊತ್ತ, ಎರಡೇ ಕಾಲಂ. ಎರಡೂ ಸೇರಿ ಸಾಲಿಗೆ ಹೆಚ್ಚೆಂದರೆ 12 ಬೈಟ್, ಕೋಟಿ ಸಾಲಿಗೆ 120 ಎಂಬಿ. ಆದರೆ ಪುಟದಲ್ಲಿ ಸಾಲುಗಳು ಇಡಿ ಇಡಿಯಾಗಿ ಕೂತಿವೆ. ಗಿರಾಕಿ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಷರಾ, ಎಲ್ಲವನ್ನೂ ಎತ್ತಿಕೊಂಡೇ ಬರಬೇಕು. 120 ಎಂಬಿ ಕೆಲಸಕ್ಕೆ 4 ಜಿಬಿ ಓದು. ಅಷ್ಟನ್ನು ಮೆಮೊರಿಗೆ ತುಂಬುವಾಗ ಕೌಂಟರ್‌ನವರು ದಿನವಿಡೀ ಬಳಸುವ ಪುಟಗಳು ಆಚೆ ಹೋಗುತ್ತವೆ. ರಿಪೋರ್ಟ್ ಮುಗಿದ ಮೇಲೂ ಹತ್ತು ನಿಮಿಷ ಕೌಂಟರ್ ಯಾಕೆ ಕುಂಟುತ್ತಿತ್ತು ಅಂತ ನನಗೆ ಅವತ್ತು ಗೊತ್ತಾಯಿತು.

ಇದು ಅಂಗಡಿಗೆ ಮಾತ್ರ ಅಲ್ಲ. ನಮ್ಮ ರಾಜ್ಯದ ಭೂಮಿ ವ್ಯವಸ್ಥೆಯನ್ನೇ ನೋಡಿ. ರೈತರು ಸರ್ವೆ ನಂಬರ್ ಕೊಟ್ಟು ಪಹಣಿ ತೆಗೆಸಿಕೊಳ್ಳುವುದು ಒಂದು ಸಾಲಿನ ಪ್ರಶ್ನೆ. ತುಮಕೂರು ಜಿಲ್ಲೆಯಲ್ಲಿ ಎಷ್ಟು ಎಕರೆ ತೆಂಗು ಇದೆ ಅನ್ನುವುದು ಒಂದು ಕಾಲಂನ ಪ್ರಶ್ನೆ. ದಾಖಲೆ ಅದೇ, ಪ್ರಶ್ನೆಯ ಆಕಾರ ಬೇರೆ. ಮೊದಲನೆಯದಕ್ಕೆ ಓಎಲ್‌ಟಿಪಿ ಅನ್ನುತ್ತಾರೆ, ಎರಡನೆಯದಕ್ಕೆ ಓಎಲ್‌ಎಪಿ. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಟೇಬಲ್‌ಗಳಲ್ಲಿ ಡೇಟಾ ಇಡುವ ರಿಲೇಷನಲ್ ಮಾದರಿಯನ್ನು ಬರೆದರು, 1993ರಲ್ಲಿ ಓಎಲ್‌ಎಪಿ ಅನ್ನುವ ಹೆಸರನ್ನು ಚಾಲ್ತಿಗೆ ತಂದವರೂ ಅವರೇ. ಅಂದರೆ ನಮ್ಮಿಬ್ಬರ ಜಗಳದ ಎರಡೂ ಪಕ್ಷಕ್ಕೆ ಮೂಲಪುರುಷ ಒಬ್ಬರೇ!

ನೋಲಾಕ್ ಎಂಬ ಮಂತ್ರ

ಮೆಮೊರಿ ಒಂದು ಕಾರಣವಾದರೆ ಲಾಕ್, ಅಂದರೆ ಡೇಟಾ ಮುಟ್ಟುವಾಗ ಹಾಕುವ ಬೀಗ, ಇನ್ನೊಂದು. ಓದುವವರು ಶೇರ್ಡ್ ಲಾಕ್ ಹಿಡಿಯುತ್ತಾರೆ, ಬರೆಯುವವರು ಎಕ್ಸ್‌ಕ್ಲೂಸಿವ್ ಲಾಕ್ ಹಿಡಿಯುತ್ತಾರೆ. ಎರಡೂ ಒಂದೇ ಜಾಗದಲ್ಲಿ ಒಟ್ಟಿಗೆ ಇರಲು ಆಗುವುದಿಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಓದುವವರು ಸಾಲು ಓದಿದ ತಕ್ಷಣ ಲಾಕ್ ಬಿಡುತ್ತಾ ಹೋಗುತ್ತಾರೆ, ಹಾಗಾಗಿ ಅಷ್ಟೇನೂ ತೊಂದರೆ ಕಾಣುವುದಿಲ್ಲ. ನಮ್ಮ ರಿಪೋರ್ಟ್ ಟೂಲ್‌ನಲ್ಲಿ ಯಾರೋ ಯಾವತ್ತೋ ಕಟ್ಟುನಿಟ್ಟಿನ ಐಸೊಲೇಷನ್ ಲೆವೆಲ್ (ಲಾಕ್ ಎಷ್ಟು ಹೊತ್ತು ಹಿಡಿಯಬೇಕು ಅನ್ನುವ ಸೆಟ್ಟಿಂಗ್) ಹಾಕಿಟ್ಟು ಹೋಗಿದ್ದರು. ಅದು ಹಿಡಿದ ಲಾಕನ್ನು ಕೊನೆಯವರೆಗೂ ಬಿಡುತ್ತಿರಲಿಲ್ಲ. ಎರಡು ವರ್ಷದ ಜಗಳ, ಒಂದು ಡ್ರಾಪ್‌ಡೌನ್‌ನಲ್ಲಿ ಕೂತಿತ್ತು.

ಇದಕ್ಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಔಷಧಿ ನೋಲಾಕ್, ಅಂದರೆ ಲಾಕ್ ಲೆಕ್ಕಿಸದೆ ಓದು ಅನ್ನುವ ಸೂಚನೆ. ಪ್ರತಿ ಟೇಬಲ್ ಹೆಸರಿನ ಮುಂದೆ ಅದನ್ನು ತಾಯತದ ಹಾಗೆ ಕಟ್ಟುತ್ತಾರೆ. ಬ್ಲಾಕಿಂಗ್ ಹೋಗುತ್ತದೆ, ನಿಜ. ಆದರೆ ಹೇಗೆ ಹೋಗುತ್ತದೆ? ಬೇರೆಯವರು ಇನ್ನೂ ಕಮಿಟ್ (ಪಕ್ಕಾ) ಮಾಡದ, ನಾಳೆ ರದ್ದಾಗಬಹುದಾದ ಸಾಲನ್ನೂ ನಿಮ್ಮ ರಿಪೋರ್ಟ್ ಎಣಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ನೀವು ಓದುತ್ತಿರುವಾಗಲೇ ಪುಟ ಒಡೆದು ಸಾಲುಗಳು ಜಾಗ ಬದಲಿಸಿದರೆ ಒಂದೇ ಬಿಲ್ ಎರಡು ಸಲ ಲೆಕ್ಕಕ್ಕೆ ಬರಬಹುದು, ಅಥವಾ ಬರದೆಯೇ ಹೋಗಬಹುದು. ತರಬೇತಿಯಲ್ಲಿ ಇದನ್ನು ಕಣ್ಣೆದುರೇ ಮಾಡಿ ತೋರಿಸಿದರು. ಒಂದು ವಿಂಡೋದಲ್ಲಿ ಸಾಲುಗಳನ್ನು ಜಾಗದಿಂದ ಜಾಗಕ್ಕೆ ಓಡಾಡಿಸುತ್ತಾ, ಇನ್ನೊಂದರಲ್ಲಿ ನೋಲಾಕ್ ಹಾಕಿ ಎಣಿಸುತ್ತಾ ಹೋದರು. ಟೇಬಲ್‌ಗೆ ಒಂದು ಸಾಲೂ ಸೇರಿಲ್ಲ, ಒಂದೂ ಅಳಿಸಿಲ್ಲ. ಆದರೂ ಎಣಿಕೆ ಪ್ರತಿ ಸಲ ಬೇರೆ ಬೇರೆ. ಪಕ್ಕದಲ್ಲಿ ಕೂತ ಸಹೋದ್ಯೋಗಿ ನನ್ನ ಕಡೆ ತಿರುಗಿ, "ಅಲ್ರೀ, ಇದನ್ನು ಹಾಕಿ ಅಂತ ನನಗೆ ಹೇಳಿಕೊಟ್ಟವರು ನೀವೇ ಅಲ್ವಾ?" ಅಂದರು. ನಾನು ಕಾಫಿ ತರಲು ಎದ್ದೆ.

ಸರಿಯಾದ ದಾರಿ ಬೇರೆ ಇದೆ. ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ ಅನ್ನುವ ಸೆಟ್ಟಿಂಗ್ ಆನ್ ಮಾಡಿದರೆ, ಬದಲಾಗುತ್ತಿರುವ ಸಾಲಿನ ಹಳೆಯ ಪ್ರತಿಯನ್ನು ಪಕ್ಕಕ್ಕೆ ಇಟ್ಟು ಓದುವವರಿಗೆ ಅದನ್ನು ಕೊಡುತ್ತದೆ. ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರು ಓದುವವರನ್ನು ತಡೆಯುವುದಿಲ್ಲ. ಒರಾಕಲ್, ಪೋಸ್ಟ್‌ಗ್ರೆಸ್ ಮಾಮೂಲಿಯಾಗಿಯೇ ಹೀಗೆ ನಡೆಯುತ್ತವೆ. ಎಸ್‌ಕ್ಯೂಎಲ್ ಸರ್ವರ್‌ಗೆ ಇದು 2005ರ ಆವೃತ್ತಿಯಲ್ಲೇ ಬಂತು, ಆದರೂ ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ನಾವೇ ಆನ್ ಮಾಡಬೇಕು. ಹಳೆಯ ಪ್ರತಿ ಇಡುವುದಕ್ಕೆ ಟೆಂಪ್‌ಡಿಬಿ ಅನ್ನುವ ತಾತ್ಕಾಲಿಕ ಡೇಟಾಬೇಸ್‌ನಲ್ಲಿ ಜಾಗ ಬೇಕು, ಅದನ್ನು ನೋಡಿಕೊಳ್ಳಬೇಕು. ಪುಕ್ಕಟೆ ಏನೂ ಸಿಗುವುದಿಲ್ಲ.

ಕೊಡಗಿಗೆ ಹೊಲಿಸಿದ ಅಂಗಿ ಬೆಂಗಳೂರಿಗೆ

ಡಿಬಿಎಗಳಿಗೆ ಅತಿ ಹೆಚ್ಚು ತಲೆನೋವು ಕೊಡುವ ದೂರು ಇದು: "ನಿನ್ನೆ ಎರಡು ಸೆಕೆಂಡ್‌ನಲ್ಲಿ ಬರುತ್ತಿತ್ತು, ಇವತ್ತು ಬರ್ತಾನೇ ಇಲ್ಲ. ನಾವೇನೂ ಚೇಂಜ್ ಮಾಡಿಲ್ಲ." ಸರ್ವರ್ ರಿಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಯಾಕೆ ಸರಿಹೋಯಿತು ಅಂತ ಯಾರೂ ಕೇಳುವುದಿಲ್ಲ.

ಡೇಟಾಬೇಸ್ ಜೊತೆ ಮಾತಾಡುವ ಭಾಷೆ ಎಸ್‌ಕ್ಯೂಎಲ್‌ನಲ್ಲಿ ನೀವು ಏನು ಬೇಕು ಅಂತ ಮಾತ್ರ ಬರೆಯುತ್ತೀರಿ. ಅದನ್ನು ಹೇಗೆ ತರಬೇಕು ಅನ್ನುವುದನ್ನು ಆಪ್ಟಿಮೈಸರ್ ನಿರ್ಧರಿಸುತ್ತದೆ. ಇಂಡೆಕ್ಸ್ ಹಿಡಿದು ನಾಲ್ಕು ಪುಟ ಇಳಿಯಬೇಕಾ, ಇಡೀ ಟೇಬಲ್ ಗುಡಿಸಬೇಕಾ? ಇದಕ್ಕೆ ಅದು ಅಂಕಿಅಂಶದ ಒಂದು ಸಣ್ಣ ಚೀಟಿ ಇಟ್ಟುಕೊಂಡಿರುತ್ತದೆ. ಟೇಬಲ್ ಎಷ್ಟೇ ದೊಡ್ಡದಿರಲಿ, ಒಂದು ಕಾಲಂನಲ್ಲಿ ಯಾವ ಬೆಲೆ ಎಷ್ಟು ಸಲ ಬಂದಿದೆ ಅನ್ನುವ ಅಂದಾಜು ಆ ಚೀಟಿಯಲ್ಲಿ ಹೆಚ್ಚೆಂದರೆ 200 ಮೆಟ್ಟಿಲುಗಳಲ್ಲಿ ಇರುತ್ತದೆ. ಅದನ್ನು ನೋಡಿ ಪ್ಲಾನ್ ಮಾಡಿ, ಮತ್ತೆ ಮತ್ತೆ ಬಳಸಲು ಅಂತ ಎತ್ತಿಡುತ್ತದೆ.

ಎಡವಟ್ಟು ಆಗುವುದು ಎತ್ತಿಡುವುದರಲ್ಲೇ. ಬೆಳಿಗ್ಗೆ ಮೊದಲು ಯಾರೋ ಕೊಡಗು ಜಿಲ್ಲೆಯ ರಿಪೋರ್ಟ್ ಕೇಳಿದರು ಅಂದುಕೊಳ್ಳಿ. ಸಾಲುಗಳು ಕಡಿಮೆ, ಇಂಡೆಕ್ಸ್ ಹಿಡಿದು ಒಂದೊಂದೇ ಸಾಲು ಹೆಕ್ಕಿ ತರುವುದು ಜಾಣತನ. ಆ ಪ್ಲಾನ್ ಎತ್ತಿಟ್ಟಿತು. ಆಮೇಲೆ ಇನ್ನೊಬ್ಬರು ಬೆಂಗಳೂರು ನಗರ ಜಿಲ್ಲೆ ಕೇಳಿದರು. ಲಕ್ಷಗಟ್ಟಲೆ ಸಾಲು. ಆಪ್ಟಿಮೈಸರ್ ಹೊಸದಾಗಿ ಯೋಚಿಸುವುದಿಲ್ಲ, ಕೊಡಗಿನ ಅಳತೆಯ ಅಂಗಿಯನ್ನೇ ಬೆಂಗಳೂರಿಗೆ ತೊಡಿಸುತ್ತದೆ. ಲಕ್ಷಗಟ್ಟಲೆ ಸಾಲನ್ನು ಒಂದೊಂದಾಗಿ ಹೆಕ್ಕುತ್ತಾ ಕೂರುತ್ತದೆ. ಇದಕ್ಕೆ ಪ್ಯಾರಾಮೀಟರ್ ಸ್ನಿಫಿಂಗ್ ಅಂತ ಹೆಸರು. ರಿಸ್ಟಾರ್ಟ್ ಮಾಡಿದಾಗ ಎತ್ತಿಟ್ಟ ಪ್ಲಾನ್ ಹೋಗುತ್ತದೆ, ಅದೃಷ್ಟಕ್ಕೆ ಆ ಸಲ ಬೆಂಗಳೂರು ಮೊದಲು ಬಂದರೆ ಎಲ್ಲಾ ಸರಾಗ.

ತರಬೇತಿಯಲ್ಲಿ ಇದನ್ನು ಕಲಿಯುವುದು ಹೇಗೆ ಅಂದರೆ ಎಕ್ಸಿಕ್ಯೂಷನ್ ಪ್ಲಾನ್ ತೆರೆದು ಎರಡೇ ಅಂಕಿ ನೋಡುವುದು: ಎಷ್ಟು ಸಾಲು ಬರುತ್ತದೆ ಅಂತ ಅಂದಾಜಿಸಿತ್ತು, ನಿಜಕ್ಕೂ ಎಷ್ಟು ಬಂತು. ಅಂದಾಜು 12, ಬಂದದ್ದು 9 ಲಕ್ಷ ಅಂತ ಇದ್ದರೆ ರೋಗ ಅಲ್ಲೇ ಇದೆ. ಎಸ್‌ಕ್ಯೂಎಲ್ ಸರ್ವರ್‌ನ 2016ರ ಆವೃತ್ತಿಯಿಂದ ಕ್ವೆರಿ ಸ್ಟೋರ್ ಅಂತ ಬಂದಿದೆ, ಹಳೆಯ ಪ್ಲಾನ್‌ಗಳನ್ನೂ ಅವು ತೆಗೆದುಕೊಂಡ ಸಮಯವನ್ನೂ ಅದು ಬರೆದಿಡುತ್ತದೆ. ಇದೊಂದನ್ನು ಓದಲು ಬಂದರೆ ಸಾಕು, ತರಬೇತಿಯ ದುಡ್ಡು ವಸೂಲಿ ಅಂತ ನನ್ನ ಅಭಿಪ್ರಾಯ. ಈಗ ಎಐ ಕ್ವೆರಿ ಬರೆದುಕೊಡುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ಆದರೆ ನಿಮ್ಮ ಸರ್ವರ್‌ನಲ್ಲಿ ಆ ಕ್ವೆರಿ ಯಾವ ದಾರಿ ಹಿಡಿಯಿತು ಅಂತ ನೋಡುವ ಕೆಲಸ ಇನ್ನೂ ನಮ್ಮದೇ.

ಮಧ್ಯದಲ್ಲಿ ಒಂದು ಕನ್ನಡದ ವಿಷಯ

ಇದು ಯಾವ ಸಿಲೆಬಸ್‌ನಲ್ಲೂ ಇರುವುದಿಲ್ಲ, ನಾನು ಪಾಠ ಮಾಡುವಾಗ ಮಾತ್ರ ತಪ್ಪದೆ ಸೇರಿಸುತ್ತೇನೆ. ಟೇಬಲ್‌ನಲ್ಲಿ ಕನ್ನಡ ಹೆಸರು ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದಲ್ಲ, ಅದನ್ನು ನೋಡದವರು ಯಾರಿದ್ದಾರೆ? ಕಾಲಂ ವಾರ್ಚಾರ್ ಅನ್ನುವ ಬಗೆಯದಾಗಿದ್ದರೆ ಅದು ಹಳೆಯ ಕೋಡ್‌ಪೇಜ್ ಲೆಕ್ಕದಲ್ಲಿ ನಡೆಯುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಎಲ್ಲಾ ಭಾಷೆ ಹಿಡಿಯುವ ಎನ್‌ವಾರ್ಚಾರ್ ಬೇಕು, ಇಲ್ಲವೇ 2019ರ ಆವೃತ್ತಿಯಿಂದ ಬಂದ ಯುಟಿಎಫ್-8 ಕೊಲೇಷನ್ (ಅಕ್ಷರ ಇಡುವ ಸೆಟ್ಟಿಂಗ್) ಬೇಕು. ಕಾಲಂ ಸರಿ ಮಾಡಿ, ಕ್ವೆರಿಯಲ್ಲಿ ಹೆಸರಿನ ಮುಂದೆ ದೊಡ್ಡಕ್ಷರದ "ಎನ್" ಹಾಕಲು ಮರೆತರೂ ಅದೇ ಕಥೆ. ಒಮ್ಮೆ ಪ್ರಶ್ನಾರ್ಥಕ ಆಗಿ ಉಳಿದದ್ದು ಮತ್ತೆ ಕನ್ನಡ ಆಗುವುದಿಲ್ಲ. ಅದು ಡಿಸ್‌ಪ್ಲೇ ತೊಂದರೆ ಅಲ್ಲ, ಡೇಟಾನೇ ಹೋಗಿದೆ.

ಇನ್ನೊಂದು ಉದ್ದದ ತಕರಾರು. "ಶ್ರೀಲಕ್ಷ್ಮಿ" ಅನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಡೇಟಾಬೇಸ್ ಎಣಿಸುವುದು ಬೇರೆ ಥರ. ಶ, ಅದರ ಹಲಂತ, ರ, ದೀರ್ಘ, ಲ, ಕ, ಹಲಂತ, ಷ, ಹಲಂತ, ಮ, ಗುಡಿಸು. ಒಟ್ಟು 11. ಹತ್ತು ಅಕ್ಷರ ಸಾಕು ಅಂತ ಕಾಲಂ ಮಾಡಿದ್ದರೆ ಶ್ರೀಲಕ್ಷ್ಮಿ ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತದೆ. ಎನ್‌ವಾರ್ಚಾರ್‌ನಲ್ಲಿ ಇದಕ್ಕೆ 22 ಬೈಟ್, ಯುಟಿಎಫ್-8ರಲ್ಲಿ 33. ಇಂಗ್ಲಿಷ್‌ಗೆ ಯುಟಿಎಫ್-8 ಜಾಗ ಉಳಿಸುತ್ತದೆ ಅನ್ನುವ ಮಾತು ಕನ್ನಡಕ್ಕೆ ಉಲ್ಟಾ.

ಊರು ಅಲ್ಲೇ ಇದೆ, ಜಿಲ್ಲೆ ಬದಲಾಯಿತು

ಮಧ್ಯಾಹ್ನ ಊಟ ಆದಮೇಲೆ ಬಿಐ ಕಡೆಯ ಪಾಠ. ನಾನು ನಿದ್ದೆ ಮಾಡುವ ಪ್ಲಾನ್‌ನಲ್ಲಿದ್ದೆ, ಆಗಲಿಲ್ಲ.

ರಿಪೋರ್ಟ್‌ಗೆ ಅಂತಲೇ ಡೇಟಾವನ್ನು ಬೇರೆ ಆಕಾರದಲ್ಲಿ ಜೋಡಿಸುತ್ತಾರೆ. ಮಧ್ಯೆ ಒಂದು ಫ್ಯಾಕ್ಟ್ ಟೇಬಲ್, ಅದರಲ್ಲಿ ನಡೆದ ಘಟನೆಗಳು ಮತ್ತು ಅಂಕಿಗಳು: ಇಷ್ಟು ಹೊತ್ತಿಗೆ, ಇಷ್ಟು ರೂಪಾಯಿ, ಇಷ್ಟು ಕೆಜಿ. ಸುತ್ತ ಡೈಮೆನ್ಷನ್ ಟೇಬಲ್‌ಗಳು: ಯಾರು, ಎಲ್ಲಿ, ಯಾವ ಸಾಮಾನು, ಯಾವ ದಿನ. ಚಿತ್ರ ಬರೆದರೆ ನಕ್ಷತ್ರದ ಹಾಗೆ ಕಾಣುತ್ತದೆ, ಅದಕ್ಕೇ ಸ್ಟಾರ್ ಸ್ಕೀಮಾ. ಈ ಪದ್ಧತಿಯನ್ನು ಮನೆಮಾತು ಮಾಡಿದವರು ರಾಲ್ಫ್ ಕಿಂಬಾಲ್.

ಇದರಲ್ಲಿ ಸುಲಭ ಅನ್ನಿಸಿ ಎಲ್ಲರೂ ಜಾರಿ ಬೀಳುವ ಜಾಗ ಒಂದಿದೆ. ನನ್ನ ಸಹೋದ್ಯೋಗಿ ಹೊಸಪೇಟೆಯವರು. 2021ರವರೆಗೆ ಅವರ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ವಿಜಯನಗರ ಜಿಲ್ಲೆ ಆಯಿತು, ಹೊಸಪೇಟೆಯೇ ಅದರ ಕೇಂದ್ರ. ಡೈಮೆನ್ಷನ್ ಟೇಬಲ್‌ನಲ್ಲಿ ಹೊಸಪೇಟೆ ಅಂಗಡಿಯ ಮುಂದೆ "ಬಳ್ಳಾರಿ" ಅಳಿಸಿ "ವಿಜಯನಗರ" ಅಂತ ಬರೆದರೆ ಏನಾಗುತ್ತದೆ? 2019ರ ಮಾರಾಟವೂ ವಿಜಯನಗರಕ್ಕೆ ಹೋಗಿ ಕೂರುತ್ತದೆ, ಆಗ ಆ ಜಿಲ್ಲೆಯೇ ಇರಲಿಲ್ಲ. ಬಳ್ಳಾರಿಯ ಹಳೆಯ ಅಂಕಿ ರಾತ್ರೋರಾತ್ರಿ ಇಳಿದುಬಿಡುತ್ತದೆ. ಹೋದ ವರ್ಷ ಛಾಪಿಸಿ ಹಂಚಿದ ರಿಪೋರ್ಟ್‌ಗೂ ಇವತ್ತು ತೆಗೆದ ಅದೇ ರಿಪೋರ್ಟ್‌ಗೂ ತಾಳೆಯಾಗುವುದಿಲ್ಲ.

ಹಾಗಾಗಿ ಹಳೆಯ ಸಾಲನ್ನು ಮುಟ್ಟಬಾರದು. ಅದರ ಮುಂದೆ "ಇಲ್ಲಿಯವರೆಗೆ" ಅಂತ ತಾರೀಖು ಹಾಕಿ ಮುಚ್ಚಬೇಕು, ಹೊಸ ಜಿಲ್ಲೆಯ ಜೊತೆ ಹೊಸ ಸಾಲು, ಹೊಸ ಕೀ (ಸಾಲಿನ ಗುರುತಿನ ನಂಬರ್). ಹಳೆಯ ಬಿಲ್‌ಗಳು ಹಳೆಯ ಸಾಲಿಗೆ, ಹೊಸವು ಹೊಸದಕ್ಕೆ. ಇದಕ್ಕೆ ಟೈಪ್ 2 ಅನ್ನುತ್ತಾರೆ. ಹಾಗಂತ ಎಲ್ಲಾ ಬದಲಾವಣೆಗೂ ಇದೇ ಬೇಕಿಲ್ಲ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು, ಗುಲ್ಬರ್ಗಾ ಕಲಬುರಗಿ ಆಯಿತು. ಜಾಗ ಅದೇ, ಹೆಸರು ಮಾತ್ರ ಬೇರೆ. ಅಲ್ಲಿ ಸುಮ್ನೆ ಅಳಿಸಿ ಬರೆದರೆ ಆಯಿತು, ಅದು ಟೈಪ್ 1. ಯಾವುದಕ್ಕೆ ಯಾವುದು ಅನ್ನುವುದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ಊರು ಗೊತ್ತಿದ್ದವರು ಹೇಳಬೇಕು. "ಇದು ಟೈಪ್ 2 ಅಂತ ಗೊತ್ತಿರಲಿಲ್ಲ ನೋಡ್ರೀ, ನಮ್ಮಪ್ಪ ಇನ್ನೂ ವಿಳಾಸಕ್ಕೆ ಬಳ್ಳಾರಿ ಅಂತಲೇ ಬರೆಯುತ್ತಾರೆ" ಅಂದರು ಅವರು.

ಆಮೇಲೆ ಕಾಲಂಸ್ಟೋರ್. ಬೆಳಗಿನ 4 ಜಿಬಿ ಸಮಸ್ಯೆಗೆ ಉತ್ತರ ಇದೇ. ಸಾಲು ಸಾಲಾಗಿ ಇಡುವ ಬದಲು ಒಂದೊಂದು ಕಾಲಂ ಬೇರೆ ಬೇರೆ ಕಟ್ಟಿಡುವುದು. ತಾರೀಖೆಲ್ಲ ಒಂದು ಕಡೆ, ಮೊತ್ತವೆಲ್ಲ ಒಂದು ಕಡೆ. ಒಂದು ಕಟ್ಟಿಗೆ ಹೆಚ್ಚೆಂದರೆ 10,48,576 ಸಾಲು. ಬೇಕಾದ ಎರಡು ಕಟ್ಟು ಮಾತ್ರ ಓದಿದರೆ ಸಾಕು. ಇನ್ನೊಂದು ಲಾಭ, ಒಂದೇ ಥರದ ಡೇಟಾ ಒಟ್ಟಿಗೆ ಇದ್ದಾಗ ಚೆನ್ನಾಗಿ ಕುಗ್ಗುತ್ತದೆ. ನಮ್ಮಲ್ಲಿ ಜಿಲ್ಲೆಗಳು 31. "ಚಿಕ್ಕಬಳ್ಳಾಪುರ" ಅಂತ ಲಕ್ಷ ಸಲ ಬರೆಯುವ ಬದಲು ಪಕ್ಕದಲ್ಲಿ ಒಂದು ಪಟ್ಟಿ ಇಟ್ಟು ಬರೀ ನಂಬರ್ ಬರೆದರಾಯಿತು, 31 ಹೆಸರಿಗೆ 5 ಬಿಟ್ ಸಾಕು. ಮೈಕ್ರೋಸಾಫ್ಟ್‌ನ ರಿಪೋರ್ಟ್ ಟೂಲ್ ಪವರ್ ಬಿಐ ಒಳಗಿನ ವರ್ಟಿಪ್ಯಾಕ್ ಎಂಜಿನ್ ಮಾಡುವುದೂ ಇದನ್ನೇ. ಅದಕ್ಕೇ ಪವರ್ ಬಿಐ ಫೈಲ್ ದಪ್ಪವಾದರೆ ಮೊದಲು ಬಿಲ್ ನಂಬರ್, ಸೆಕೆಂಡಿನವರೆಗೂ ಇರುವ ಸಮಯ, ಇಂಥ ಒಂದರಂತೆ ಇನ್ನೊಂದಿಲ್ಲದ ಕಾಲಂಗಳನ್ನು ನೋಡಿ. ಅವು ಕುಗ್ಗುವುದೇ ಇಲ್ಲ. ತಾರೀಖು, ಸಮಯ ಬೇರೆ ಮಾಡಿದರೆ ಅರ್ಧ ಕೆಲಸ ಆಯಿತು.

ಬ್ಯಾಕಪ್ ಇದೆ ಅಂದುಕೊಳ್ಳುವುದು

ಕೊನೆಯ ಪಾಠ ಬ್ಯಾಕಪ್. ಬೇಜಾರಿನ ವಿಷಯ ಅಂತ ಎಲ್ಲರೂ ಆಕಳಿಸುತ್ತಿದ್ದಾಗ ಪಾಠ ಮಾಡುವವರು ಗಿಟ್‌ಲ್ಯಾಬ್ ಅನ್ನುವ, ಪ್ರೋಗ್ರಾಂ ಕೋಡ್ ಇಟ್ಟುಕೊಳ್ಳುವ ತಾಣದ ಕಥೆ ಹೇಳಿದರು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಸರಿಮಾಡಲು ಹೋಗಿ, ಡೇಟಾ ಅಳಿಸುವ ಕಮಾಂಡನ್ನು ಮೊದಲನೇ ಸರ್ವರ್ ಮೇಲೆ ಕೊಟ್ಟರು. ಗೊತ್ತಾಗಿ ನಿಲ್ಲಿಸಿದ್ದು ಒಂದೆರಡು ಸೆಕೆಂಡಿನಲ್ಲಿ. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಮತ್ತು ನಕಲಿಗೆ ಅಂತ ಐದು ಬೇರೆ ಬೇರೆ ಏರ್ಪಾಡು ಇದ್ದವು, ಒಂದೂ ನೆಚ್ಚಿಕೊಳ್ಳುವ ಹಾಗಿರಲಿಲ್ಲ. ದಿನದ ಬ್ಯಾಕಪ್ ಆವೃತ್ತಿ ಹೊಂದಿಕೆಯಾಗದೆ ಫೇಲ್ ಆಗುತ್ತಲೇ ಇತ್ತು. ಫೇಲ್ ಆಗಿದೆ ಅಂತ ಬರಬೇಕಿದ್ದ ಮೇಲ್ ಕೂಡ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಏನೋ ಕೆಲಸಕ್ಕೆ ಅಂತ ಕೈಯಾರೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ಆರು ಗಂಟೆಯ ಡೇಟಾ ಹೋಯಿತು. ಇಷ್ಟನ್ನೂ ಅವರೇ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದರು, ಅದಕ್ಕೇ ಇವತ್ತಿಗೂ ಎಲ್ಲಾ ಕ್ಲಾಸಿನಲ್ಲೂ ಇದು ಪಾಠ.

ಕಥೆ ಮುಗಿದ ಮೇಲೆ ನಮಗೆ ಕೆಲಸ ಕೊಟ್ಟರು. ಭಾನುವಾರದ ಫುಲ್ ಬ್ಯಾಕಪ್, ಪ್ರತಿ ರಾತ್ರಿಯ ಡಿಫರೆನ್ಷಿಯಲ್ (ಫುಲ್ ಆದಮೇಲೆ ಬದಲಾದದ್ದು ಮಾತ್ರ), 15 ನಿಮಿಷಕ್ಕೊಂದು ಲಾಗ್ ಬ್ಯಾಕಪ್ (ನಡೆದ ಬದಲಾವಣೆಗಳ ದಾಖಲೆ). ಗುರುವಾರ ಮಧ್ಯಾಹ್ನ 2.40ಕ್ಕೆ ಯಾರೋ ಟೇಬಲ್ ಅಳಿಸಿದ್ದಾರೆ, 2.39ಕ್ಕೆ ತನ್ನಿ. ಮೊದಲು ಫುಲ್, ಆಮೇಲೆ ಕೊನೆಯ ಡಿಫರೆನ್ಷಿಯಲ್ ಒಂದೇ, ಆಮೇಲೆ ಅದರ ನಂತರದ ಎಲ್ಲಾ ಲಾಗ್‌ಗಳು ಸಾಲಾಗಿ. ಪ್ರತಿ ಹೆಜ್ಜೆಯಲ್ಲೂ ನೋರಿಕವರಿ (ಇನ್ನೂ ಫೈಲ್ ಬರಲಿದೆ) ಹಾಕಬೇಕು, ಕೊನೆಯದಕ್ಕೆ ಮಾತ್ರ ರಿಕವರಿ (ಮುಗಿಯಿತು). ಮೊದಲನೆಯದರಲ್ಲೇ ರಿಕವರಿ ಹಾಕಿದರೆ ಬಾಗಿಲು ಮುಚ್ಚಿದ ಹಾಗೆ, ಮುಂದಿನ ಫೈಲ್ ಒಳಗೆ ಹೋಗುವುದಿಲ್ಲ, ಮತ್ತೆ ಮೊದಲಿಂದ. ಹತ್ತು ವರ್ಷ ಡಿಬಿಎ ಕೆಲಸ ಮಾಡಿದ ನಾನು ಎರಡು ಸಲ ಬಾಗಿಲು ಮುಚ್ಚಿಕೊಂಡೆ. ಬ್ಯಾಕಪ್ ಜಾಬ್ ಹಸಿರು ತೋರಿಸುತ್ತಿತ್ತು, ನಾನು ಅದನ್ನು ನೋಡಿ ಮನೆಗೆ ಹೋಗುತ್ತಿದ್ದೆ. ರಿಸ್ಟೋರ್ ಮಾಡಿ ನೋಡಿದ್ದು ಬಹಳ ಕಮ್ಮಿ.

ಎಲ್ಲಿಗೆ ಹೋಗುವುದು?

ಬೇಗ ಹೇಳಿ ಮುಗಿಸುತ್ತೇನೆ. 2007ರಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಆಂಡಿ ವಾರೆನ್, ಸ್ಟೀವ್ ಜೋನ್ಸ್, ಬ್ರಯನ್ ನೈಟ್ ಅನ್ನುವ ಮೂವರು ಎಸ್‌ಕ್ಯೂಎಲ್‌ಸ್ಯಾಟರ್‌ಡೇ ಶುರುಮಾಡಿದರು. ಶನಿವಾರ ಇಡೀ ದಿನ ಪುಕ್ಕಟೆ ಪಾಠ, ಹೇಳಿಕೊಡುವವರೂ ನಮ್ಮ ಹಾಗೆ ಕೆಲಸ ಮಾಡುವವರೇ. ಅದು ಬೇರೆ ಬೇರೆ ದೇಶಗಳಿಗೆ ಹರಡಿತು, ಬೆಂಗಳೂರಿಗೂ ಬಂತು. ಅದನ್ನು ನಡೆಸುತ್ತಿದ್ದ ಪಾಸ್ ಸಂಘ 2021ರ ಜನವರಿಯಲ್ಲಿ ಬಾಗಿಲು ಹಾಕಿತು, ಆದರೂ ಶನಿವಾರದ ಪಾಠ ನಿಂತಿಲ್ಲ. ಇದೊಂದು ದಾರಿ. ಇನ್ನೊಂದು ಮಾರತ್ತಹಳ್ಳಿ, ಬಿಟಿಎಂ ಲೇಔಟ್ ಕಡೆಯ ಕೋಚಿಂಗ್ ಕ್ಲಾಸು. ಅಲ್ಲಿ ಒಳ್ಳೆಯವರೂ ಇದ್ದಾರೆ, ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿಸುವವರೂ ಇದ್ದಾರೆ. ಡೆಮೊ ಕ್ಲಾಸಿಗೆ ಹೋದಾಗ "ರಿಸ್ಟೋರ್ ನಾವೇ ಮಾಡುತ್ತೇವಾ, ನೀವು ಮಾಡಿ ತೋರಿಸುತ್ತೀರಾ?" ಅಂತ ಒಂದು ಮಾತು ಕೇಳಿ. ಉತ್ತರದಲ್ಲೇ ಎಲ್ಲಾ ಗೊತ್ತಾಗುತ್ತದೆ. ಹೊಸ ಫೀಚರ್‌ಗಳ ಪಟ್ಟಿ ಓದುವ ಪಾಠಕ್ಕೆ ದುಡ್ಡು ಕೊಡಬೇಡಿ, ಅದು ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಪುಕ್ಕಟೆ ಇದೆ. ಸರ್ಟಿಫಿಕೇಟ್ ಬೇಕಿದ್ದರೆ ಮೈಕ್ರೋಸಾಫ್ಟ್‌ನ ಹಳೆಯ ಎಂಸಿಎಸ್‌ಎ, ಎಂಸಿಎಸ್‌ಇ 2021ರಲ್ಲೇ ನಿಂತುಹೋಗಿವೆ, ಇನ್ನೂ ಅದನ್ನೇ ಮಾರುತ್ತಿದ್ದರೆ ಎದ್ದು ಬನ್ನಿ. ಈಗಿನ ಪರೀಕ್ಷೆಗಳು ಡಿಬಿಎಗೆ ಡಿಪಿ-300, ಪವರ್ ಬಿಐಗೆ ಪಿಎಲ್-300. ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ನವೀಕರಿಸಬಹುದು.

ಮನೆಯಲ್ಲೇ ಕಲಿಯುವವರಿಗೆ ಎಸ್‌ಕ್ಯೂಎಲ್ ಸರ್ವರ್‌ನ ಡೆವಲಪರ್ ಎಡಿಷನ್ ಪುಕ್ಕಟೆ, ಅಡ್ವೆಂಚರ್‌ವರ್ಕ್ಸ್ ಮಾದರಿ ಡೇಟಾಬೇಸ್ ಪುಕ್ಕಟೆ. ಆಡಲು ದೊಡ್ಡ ಡೇಟಾ ಬೇಕಿದ್ದರೆ ಸ್ಟಾಕ್ ಓವರ್‌ಫ್ಲೋದ ಪ್ರಶ್ನೋತ್ತರಗಳ ಡೇಟಾಬೇಸ್ ಸಿಗುತ್ತದೆ, ಅದರಲ್ಲಿ ಪ್ಯಾರಾಮೀಟರ್ ಸ್ನಿಫಿಂಗ್ ಹುಡುಕಿಕೊಂಡು ಹೋಗಬೇಕಿಲ್ಲ, ತಾನಾಗಿಯೇ ಕಾಲಿಗೆ ತೊಡರುತ್ತದೆ.

ನಮ್ಮ ಜಗಳದ ಕಥೆ ಬಾಕಿ ಇದೆ. ಸೋಮವಾರ ಬಂದು ನಾವಿಬ್ಬರೂ ಒಂದು ಹಳೆಯ ಸರ್ವರ್ ಕೇಳಿ ತೆಗೆದುಕೊಂಡೆವು. ರಾತ್ರಿ ತೆಗೆದ ಬ್ಯಾಕಪ್ ಬೆಳಗಿನ ಜಾವ ನಾಲ್ಕಕ್ಕೆ ಅದರ ಮೇಲೆ ತಾನಾಗಿಯೇ ರಿಸ್ಟೋರ್ ಆಗುತ್ತದೆ. ಅದರಿಂದ ಸ್ಟಾರ್ ಸ್ಕೀಮಾ ತುಂಬುತ್ತದೆ, ರಿಪೋರ್ಟ್‌ಗಳೆಲ್ಲ ಅಲ್ಲಿಂದಲೇ ಓಡುತ್ತವೆ. ಅವರಿಗೆ ನಿನ್ನೆ ರಾತ್ರಿಯವರೆಗಿನ ಡೇಟಾ ಸಿಕ್ಕಿತು, ಅವರಿಗೆ ಅಷ್ಟೇ ಸಾಕಿತ್ತು. ನನಗೆ ದಿನಾ ಬೆಳಿಗ್ಗೆ ನನ್ನ ಬ್ಯಾಕಪ್ ನಿಜಕ್ಕೂ ತೆರೆಯುತ್ತದೆ ಅನ್ನುವ ಸಾಕ್ಷಿ ಸಿಕ್ಕಿತು.

ಏಳೆಂಟು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಏಳಕ್ಕೆ ಅವರ ಫೋನ್. "ಏನ್ರೀ, ಡ್ಯಾಶ್‌ಬೋರ್ಡ್‌ನಲ್ಲಿ ಮೊನ್ನೆಯ ಅಂಕಿಯೇ ನಿಂತಿದೆ. ನಿಮ್ಮ ಬ್ಯಾಕಪ್ ಆಗಿಲ್ಲ ಅನ್ಸುತ್ತೆ, ನೋಡಿ." ನೋಡಿದೆ. ಬ್ಯಾಕಪ್ ಡಿಸ್ಕ್ ತುಂಬಿತ್ತು, ಎಚ್ಚರಿಕೆಯ ಮೇಲ್ ಹಿಂದಿನ ತಿಂಗಳು ಕೆಲಸ ಬಿಟ್ಟವರೊಬ್ಬರ ಇನ್‌ಬಾಕ್ಸ್‌ಗೆ ಹೋಗುತ್ತಿತ್ತು.